ದುರುಗಣ್ಣನಿಗೆ ನಾನು ತರಿಸಿಕೊಟ್ಟ ಬೆಳಕು

ಕೊಟ್ಟೂರಿನಲ್ಲಿ ಫೋಟೋ ಸ್ಟುಡಿಯೋ ಇಟ್ಟುಕೊಂಡಿರುವ ನಮ್ಮಣ್ಣನ ಮಗ ಮಂಜುನಾಥನಿಗೆ ಈಚೆಗೆ ಹೊಸ ಹುಚ್ಚು ಹಿಡಿದಿದೆ. ಮದುವೆ, ಸೀಮಂತ, ಪಾಸ್‌ಪೋರ್ಟ್ ಸೈಜು ಅಂತ ತೆಗೆದೂ ತೆಗೆದೂ ಬೇಸತ್ತು, ಮುರ್ಡೇಶ್ವರದ ಕಡೆ ಸಮುದ್ರದಲ್ಲಿ ಮುಳುಗಿ ಮೀನಿನ ಫೋಟೋ ತೆಗೆಯಬೇಕಂತೆ. ಹೋದ ವಾರ ಫೋನ್ ಮಾಡಿದ.

"ಕಾಕಾ, ನೀರಾಗ ಹಿಡಕೊಂಡು ಹೋಗೋ ಲೈಟು ಬೇಕಾಗೈತಿ. ಬೆಳಕು ಭಾಳ ಇರಬೇಕು, ರೊಕ್ಕ ಕಡಿಮಿ ಆಗಬೇಕು. ಮೊಬೈಲ್‌ನ್ಯಾಗ ನೋಡಿದ್ರ ನೂರಾ ಎಂಟು ನಮೂನಿ ಅದಾವ. ಯಾವುದು ತೊಗೊಳ್ಲಿ? ನಿಮಗ ಗೊತ್ತಿರತೈತಿ ಅಂತ ಅಪ್ಪ ಅಂದ."

ಗೊತ್ತಿರುತ್ತದಂತೆ! ನಮ್ಮ ಮನೆತನದಲ್ಲಿ ಇದೊಂದು ದೊಡ್ಡ ಕೀರ್ತಿ ನನ್ನದು. ಈಜು ಬಾರದ, ಮೊಣಕಾಲುದ್ದ ನೀರು ಕಂಡರೂ ಅಂಗೈ ಬೆವರುವ ಮನುಷ್ಯ ನಾನು. ಆದರೆ ಹಡಗಲಿ ತಾಲೂಕಿನ ಹೊಳೆ ದಂಡೆಯಲ್ಲಿ ಪಂಪ್ ಆಪರೇಟರ್ ಆಗಿದ್ದಾಗ ನೀರೊಳಗೆ ಉರಿಯುವ ಬ್ಯಾಟರಿ ತರಿಸಿ ಏಳು ಹಳ್ಳಿಗೆ ನೀರು ಕುಡಿಸಿದೆ ಎಂದು ನಮ್ಮಣ್ಣ ಇವತ್ತಿಗೂ ಬೀಗರ ಮುಂದೆ ಹೇಳಿಕೊಳ್ಳುತ್ತಾನೆ. ನಾನು ಎಲೆಗೆ ಸುಣ್ಣ ಹಚ್ಚುತ್ತ ಕೂತಿರುತ್ತೇನೆ. ಅವನು ಹೇಳುವುದರಲ್ಲಿ ಸುಳ್ಳೇನೂ ಇಲ್ಲ.

ಮಂಜುವಿಗೆ ನನಗೆ ತಿಳಿದಷ್ಟು ಹೇಳಿದೆ. ಬರೀ ಬೆಳಕಿನ ಲೆಕ್ಕ ನೋಡಬೇಡ, ಮುಚ್ಚಳದ ಒಳಗಿನ ರಬ್ಬರ್ ಉಂಗುರ ನೋಡು, ಕೈಗೆ ಕಟ್ಟಿಕೊಳ್ಳುವ ಪಟ್ಟಿ ಗಟ್ಟಿ ಇದೆಯೋ ನೋಡು, ಉಂಗುರಕ್ಕೆ ಗ್ರೀಸ್ ಹಚ್ಚದೆ ಇಳಿಯಬೇಡ ಅಂದೆ. ಫೋನ್ ಇಟ್ಟಮೇಲೆ ಸಮಾಧಾನವಾಗಲಿಲ್ಲ. ಕುರ್ಚಿ ಹತ್ತಿ, ಅಟ್ಟದ ಮೇಲಿಂದ ಹಳೇ ಟ್ರಂಕು ಇಳಿಸಿದೆ. ಮುಚ್ಚಳ ತೆಗೆದದ್ದೇ ತಡ, ರಬ್ಬರು, ಗ್ರೀಸು, ಒಣಗಿದ ಹೊಳೆಮಣ್ಣು ಮೂರೂ ಕೂಡಿದ ವಾಸನೆ ಮುಖಕ್ಕೆ ಬಡಿಯಿತು. ಆ ಕಾಲದ ಬ್ಯಾಟರಿ ಕೈಗೆತ್ತಿಕೊಂಡು ಅಲ್ಲೇ ನೆಲಕ್ಕೆ ಕೂತುಬಿಟ್ಟೆ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನನಗೆ ಇಪ್ಪತ್ತಾರು. ಹುಟ್ಟಿದ್ದು ಗುಡೇಕೋಟೆ ಹತ್ತಿರದ ಹಳ್ಳಿ. ಬಂಡೆ, ಜಾಲಿ, ಕುರಿ ಇಷ್ಟೇ ನೋಡಿ ಬೆಳೆದವನು. ಐಟಿಐ ಮುಗಿಸಿ ಕೂಡ್ಲಿಗಿಯ ಮೋಟಾರ್ ರಿಪೇರಿ ಅಂಗಡಿಯಲ್ಲಿ ಮೂರು ವರ್ಷ ತಾಮ್ರದ ತಂತಿ ಸುತ್ತಿದ ಮೇಲೆ, ಒಬ್ಬ ಕಂತ್ರಾಟುದಾರನ ಕೈಕೆಳಗೆ ದಿನಗೂಲಿಯ ಪಂಪ್ ಆಪರೇಟರ್ ಕೆಲಸ ಸಿಕ್ಕಿತು. ಕೆಲಸವಿದ್ದದ್ದು ತುಂಗಭದ್ರೆಯ ದಂಡೆಯ ಒಂದು ಸಣ್ಣ ಊರಿನಲ್ಲಿ. ಬಸ್ಸಿಳಿದು ಮೊದಲ ಸಲ ಅಷ್ಟು ನೀರು ಕಂಡಾಗ ಯಪ್ಪಾ ಶಿವನೇ ಅಂತ ಅಲ್ಲೇ ನಿಂತುಬಿಟ್ಟೆ.

ಆ ಕಡೆಯ ಮಳೆಗಾಲವೇ ಒಂದು ಥರ. ನಮ್ಮ ಮೇಲೆ ಹನಿ ಬಿದ್ದಿರುವುದಿಲ್ಲ, ಆಕಾಶ ಬಿಳುಚಿಕೊಂಡು ನಿಂತಿರುತ್ತದೆ, ಸಜ್ಜೆ ಹೊಲದಲ್ಲಿ ಧೂಳೇಳುತ್ತಿರುತ್ತದೆ. ಆದರೆ ಮೇಲೆ ಎಲ್ಲೋ ಮಲೆನಾಡಿನಲ್ಲಿ ಸುರಿದ ಮಳೆಗೆ ಹೊಳೆ ಮಾತ್ರ ಕೆಂಪಗೆ ತುಂಬಿ ಬರುತ್ತದೆ. ಬರುವಾಗ ಹುಲ್ಲು, ಕಬ್ಬಿನ ರವದಿ, ಹರಿದ ಬಲೆ, ಸತ್ತ ಹಂದಿ ಎಲ್ಲ ಹೊತ್ತು ತರುತ್ತದೆ. ಅದೆಲ್ಲ ಬಂದು ಸೇರುವುದು ನಮ್ಮ ಜಾಕ್‌ವೆಲ್ಲಿನ ಬಾಯಿಗೆ.

ಜಾಕ್‌ವೆಲ್ ಅಂದರೆ ಹೊಳೆಯ ಅಂಚಿನಲ್ಲಿ ಕಟ್ಟಿದ ದುಂಡನೆಯ ಕಾಂಕ್ರೀಟ್ ಬಾವಿ. ಹೊಳೆಯಿಂದ ದೊಡ್ಡದೊಂದು ಕೊಳವೆ ಬಾವಿಯ ತಳಕ್ಕೆ ಬಂದು ಕೂಡುತ್ತದೆ, ಅದರ ಬಾಯಿಗೆ ಕಬ್ಬಿಣದ ಜಾಲರಿ. ಬಾವಿಯ ಮೇಲೆ ಚಪ್ಪಡಿ ಹಾಕಿ, ಆ ಚಪ್ಪಡಿಯ ಮೇಲೆ ನನ್ನ ಪಂಪುಗಳು. ನಡುವೆ ಒಬ್ಬ ಮನುಷ್ಯ ಇಳಿಯುವಷ್ಟು ಕಿಂಡಿ, ಅದರೊಳಗೆ ಕಬ್ಬಿಣದ ಮೆಟ್ಟಿಲು. ಮಟಮಟ ಮಧ್ಯಾಹ್ನವೂ ಒಳಗೆ ಕಪ್ಪು ಕತ್ತಲು. ಜಾಲರಿಗೆ ಕಸ ಕಟ್ಟಿತೆಂದರೆ ಏಳು ಹಳ್ಳಿಯ ನಲ್ಲಿ ಒಣಗಿದವು ಎಂದೇ ಅರ್ಥ. ಆಗ ಕರೆಯಬೇಕಾದದ್ದು ದುರುಗಣ್ಣನನ್ನು.

ದುರುಗಪ್ಪ ಅಂಬಿಗರವನು. ನನಗಿಂತ ಹದಿನೈದು ವರ್ಷಕ್ಕಾದರೂ ದೊಡ್ಡವನು. ಗಿಡ್ಡ ಆಳು, ಅಗಲ ಎದೆ, ಬಾಯಿತುಂಬ ಎಲೆಅಡಿಕೆ. ಜಾಕ್‌ವೆಲ್ ಕಟ್ಟಿದಾಗಿನಿಂದ ಅದರ ತಳಕ್ಕೆ ಇಳಿದವನು ಅವನೊಬ್ಬನೇ. ಸಿಲಿಂಡರೂ ಇಲ್ಲ, ಕನ್ನಡಕವೂ ಇಲ್ಲ. ಸೊಂಟಕ್ಕೆ ಹಗ್ಗ, ಕೈಗೊಂದು ಗೋಣಿಚೀಲ, ಎದೆಯಲ್ಲಿ ಹಿಡಿದ ಉಸಿರು. ಕೆಳಗೆ ಹೋಗಿ ಕೈಗೆ ಸಿಕ್ಕಷ್ಟು ಕಸ ಕಿತ್ತು ಚೀಲಕ್ಕೆ ತುರುಕಿ, ಒಂದು ನಿಮಿಷದೊಳಗೆ ಮೇಲೆ ಬರುತ್ತಿದ್ದ. ಹೀಗೆ ಇಪ್ಪತ್ತು, ಮೂವತ್ತು ಸಲ.

ಅವರಲ್ಲಿ ಒಂದು ರೂಢಿಯಿತ್ತು. ಇಳಿಯುವವನ ಹಗ್ಗವನ್ನು ಹೆಂಡತಿಯ ತಮ್ಮನೇ ಹಿಡಿಯಬೇಕು. ದುರುಗಣ್ಣನ ಹಗ್ಗ ಹಿಡಿಯುತ್ತಿದ್ದವನು ಅವನ ಹೆಂಡತಿ ಗಂಗವ್ವನ ತಮ್ಮ ಹಾಲಪ್ಪ. ಯಾಕೆ ಹಾಗೆ ಎಂದು ಒಮ್ಮೆ ಕೇಳಿದ್ದೆ.

"ಒಡಹುಟ್ಟಿದ ತಮ್ಮ ಆದ್ರ ಹೊಲದ ಪಾಲು ನೆನಪಾಗಿ ಹಗ್ಗ ಬಿಟ್ಟಾನೋ ತಮ್ಮಾ," ಎಂದು ನಕ್ಕಿದ್ದ ದುರುಗಣ್ಣ. "ಹೆಂಡ್ತಿ ತಮ್ಮ ಹಂಗಲ್ಲ. ಅಕ್ಕನ ಕುಂಕುಮ ಅವನ ಕೈಯಾಗ ಇರತೈತಿ."

ಇನ್ನೊಂದು ಕಟ್ಟುಪಾಡು ನನ್ನ ಪಾಲಿನದು. ಇಳಿಯುವ ಮೊದಲು, ಯಾರೂ ಮರೆತು ಪಂಪು ಚಾಲೂ ಮಾಡದಂತೆ, ಅದರ ಮೂರೂ ಫ್ಯೂಜು ಕಿತ್ತು ಹಾಲಪ್ಪನ ಕೈಗೆ ಕೊಡಬೇಕು. ಅವನು ಅದನ್ನು ಟವೆಲ್ಲಿನಲ್ಲಿ ಗಂಟು ಕಟ್ಟಿ ತೊಡೆಯ ಮೇಲಿಟ್ಟುಕೊಂಡೇ ಹಗ್ಗ ಹಿಡಿಯುತ್ತಿದ್ದ. ಇಂಜಿನಿಯರ್ ಬಂದು ಹೇಳಿದರೂ, ದುರುಗಣ್ಣ ಮೇಲೆ ಬಂದು ಮೈ ಒರೆಸಿಕೊಳ್ಳುವ ತನಕ ಗಂಟು ಬಿಚ್ಚುತ್ತಿರಲಿಲ್ಲ.

ಆ ವರ್ಷ ಆರಿದ್ರಾ ಮಳೆಯ ಹೊತ್ತಿಗೆ ಮೊದಲ ಕೆಂಪು ನೀರು ಬಂತು. ಕಸ ತೆಗೆಯಲು ಇಳಿದ ದುರುಗಣ್ಣ ಮೇಲೆ ಬಂದಾಗ ಬಲಗೈ ಅಂಗೈ ಅಡ್ಡಕ್ಕೆ ಸೀಳಿತ್ತು. ರಕ್ತ ಮೊಣಕೈವರೆಗೆ ಇಳಿದು ತೊಟ್ಟಿಕ್ಕುತ್ತಿತ್ತು. ನಾನು ಮುಖ ಆಚೆ ತಿರುಗಿಸಿಕೊಂಡೆ. ಅವನು ಮಾತ್ರ ಗಂಗವ್ವನ ಹತ್ತಿರ ಅರಿಶಿನ ಕೇಳಿ, ಒತ್ತಿ, ಬಟ್ಟೆ ಸುತ್ತಿಕೊಂಡು ಬೀಡಿ ಹಚ್ಚಿದ.

"ಕೆಳಗ ಏನು ಕೊಯ್ತು ಅಣ್ಣ?" ಅಂದೆ.

"ಯಾರಿಗೆ ಗೊತ್ತು? ತಗಡೋ ಗಾಜೋ. ಅಲ್ಲೆ ಏನು ಕಾಣ್ತೈತೇನೋ? ನಾ ಕಣ್ಣು ಮುಚ್ಚಿಕೊಂಡ ಇಳಿಯೋದು. ತೆರೆದ್ರ ಮಣ್ಣು ಹೋಗತೈತಿ."

"ಮತ್ತ ಹೆಂಗ ಗೊತ್ತಾಗತೈತಿ?"

ಅವನು ಗಾಯವಾಗದ ಕೈಯ ಬೆರಳಿನಿಂದ ಮರಳಿನ ಮೇಲೆ ಗೆರೆ ಎಳೆದು ಬಾವಿಯ ತಳವನ್ನೆಲ್ಲ ಬರೆದು ತೋರಿಸಿದ. ಇಲ್ಲಿ ಮೆಟ್ಟಿಲು ಮುಗಿಯುತ್ತದೆ, ಇಲ್ಲಿ ಕೊಳವೆ, ಇಲ್ಲಿ ಜಾಲರಿಯ ಕೊಕ್ಕೆ. ಜಾಲರಿಯ ಎಡಕ್ಕೆ ಗೋಡೆಯಲ್ಲಿ ಒಂದಿಷ್ಟು ಬೇರು. ತಲೆ ಮೇಲೆ, ನೀರೊಳಗೇ, ಗೋಡೆಯಿಂದ ಚಾಚಿದ ಒಂದು ಅಟ್ಟಣಿಗೆಯಂಥ ಚಪ್ಪಡಿ; ಮೇಲೇಳುವಾಗ ಅದರ ಅಂಚಿಗೆ ಕಾಲು ಕೊಟ್ಟು ಒದ್ದರೆ ಒಂದೇ ನೆಗೆತಕ್ಕೆ ಅರ್ಧ ದಾರಿ ಬಂದುಬಿಡಬಹುದು. ಎಲ್ಲ ಕೈಕಾಲಿಗೇ ಗೊತ್ತು. ಕಾಂಕ್ರೀಟ್ ಗೋಡೆಯಲ್ಲಿ ಬೇರು ಎಲ್ಲಿಂದ ಬಂತು ಎಂದು ಕೇಳಬೇಕಿತ್ತು, ತೋಚಲಿಲ್ಲ.

ನನಗೆ ತೋಚಿದ್ದು ಬೇರೆ. ಆ ಕತ್ತಲಿಗೆ ಒಬ್ಬ ಮನುಷ್ಯನನ್ನು ಇಳಿಸಿ ನಾನು ಮೇಲೆ ಕಾಲು ಮಡಚಿ ಕೂತಿದ್ದೇನಲ್ಲ ಎಂಬ ಸಂಕಟ. ಕಿಂಡಿಯೊಳಗೆ ಇಣುಕಿದರೆ ಸಾಕು, ನಾನು ಅಂಜಿ ಹಿಂದೆ ಸರಿಯುತ್ತಿದ್ದೆ. ಅವನಿಗೂ ಅಂಜಿಕೆ ಇರಲೇಬೇಕು, ಹೇಳಿಕೊಳ್ಳುತ್ತಿಲ್ಲ ಅಂದುಕೊಂಡೆ. ಕೈಯಲ್ಲೊಂದು ಬೆಳಕಿದ್ದರೆ ಇವನ ಅರ್ಧ ಕಷ್ಟ ಮುಗಿಯಿತು ಎಂದು ನಾನೇ ತೀರ್ಮಾನ ಮಾಡಿದೆ. ಬೆಳಕು ಬೇಕೇನಣ್ಣ ಎಂದು ಅವನನ್ನು ಕೇಳಲೇ ಇಲ್ಲ.

ಮೊದಲು ಮೂರು ಸೆಲ್ಲಿನ ಬ್ಯಾಟರಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಸೈಕಲ್ ಟ್ಯೂಬಿನ ಪಟ್ಟಿ ಬಿಗಿದೆ. ಪಂಪ್‌ಹೌಸಿನ ತೊಟ್ಟಿಯಲ್ಲಿ ಚೆನ್ನಾಗಿಯೇ ಉರಿಯಿತು. ಹಗ್ಗಕ್ಕೆ ಕಟ್ಟಿ ಬಾವಿಗೆ ಬಿಟ್ಟರೆ ಎರಡಾಳು ಆಳಕ್ಕೆ ಹೋಗುವಷ್ಟರಲ್ಲಿ ನೀರು ಕುಡಿದು ಸತ್ತಿತು. ಆಮೇಲೆ ಅಗಲ ಬಾಯಿಯ ಉಪ್ಪಿನಕಾಯಿ ಬಾಟಲಿಯೊಳಗೆ ಬ್ಯಾಟರಿ ನಿಲ್ಲಿಸಿ ಮುಚ್ಚಳಕ್ಕೆ, ಸೋರುವ ಪೈಪಿಗೆ ಹಚ್ಚುವ ಎಂಸೀಲ್ ಮೆತ್ತಿದೆ. ಒಂದು ಹನಿಯೂ ಒಳಗೆ ಹೋಗಲಿಲ್ಲ, ಆದರೆ ಬಾಟಲಿ ಮುಳುಗಲೂ ಇಲ್ಲ. ಮುಳುಗಿಸಲು ಎರಡು ಕಿಲೋ ಕಲ್ಲು ಕಟ್ಟಬೇಕಾಯಿತು. ದುರುಗಣ್ಣ ಅದನ್ನು ಎತ್ತಿ ನೋಡಿ, "ಇದನ್ನ ಹೊತಗೊಂಡು ಇಳಿದ್ರ ನಾ ಮ್ಯಾಲ ಬರೋದು ಡೌಟ್ ಐತಿ ಬಿಡಪಾ," ಅಂದ.

ಮೂರನೆಯದು ಟ್ರ್ಯಾಕ್ಟರಿನ ಹೆಡ್‌ಲೈಟು. ಮೇಲೆ ದಂಡೆಯಲ್ಲಿ ಟ್ರ್ಯಾಕ್ಟರಿನ ಬ್ಯಾಟರಿ, ಅದರಿಂದ ಉದ್ದ ವೈರು. ಏನು ಬೆಳಕು ಅಂತೀರಿ! ಪಂಪ್‌ಹೌಸಿನ ಜಂತಿಯಲ್ಲಿದ್ದ ಜೇಡನ ಕಾಲು ಸಹಿತ ಕಾಣುತ್ತಿತ್ತು. ಹಚ್ಚಿಕೊಂಡೇ ನೀರಿಗೆ ಅದ್ದಿದೆ. ಕಾದ ಗಾಜಿಗೆ ತಣ್ಣೀರು ತಾಗಿ ಟಪ್ಪೆಂದು ಒಡೆಯಿತು. ಹಾಲಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ದುರುಗಣ್ಣ ಮಾತ್ರ ನಗಲಿಲ್ಲ.

"ವೈರು ಹಿಡಕೊಂಡು ನೀರಾಗ ಇಳಿ ಅಂತಿ. ನನ್ನ ಮ್ಯಾಲ ಏನಾರ ಸಿಟ್ಟೈತೇನೋ ನಿನಗ?"

ನಾನು ಬಿಡಲಿಲ್ಲ. ಹಗರಿಬೊಮ್ಮನಹಳ್ಳಿಯಲ್ಲಿ ನಾನು ಬಸ್ ಬದಲಿಸುವ ಕಡೆ ಖಾಜಾಸಾಬ ಎಂಬ ಲಾರಿ ಡ್ರೈವರ್ ಪರಿಚಯವಿದ್ದ. ಅದಿರು ಹೇರಿಕೊಂಡು ಕಾರವಾರದ ಬಂದರಿಗೆ ಹೋಗಿಬರುವವನು. ಅಲ್ಲಿ ಹಡಗಿನ ತಳ ತೊಳೆಯಲು ಮುಳುಗುವವರು ಇರುತ್ತಾರಂತೆ, ಅವರ ಹತ್ತಿರ ಏನಿದೆ ವಿಚಾರಿಸು ಮಾರಾಯ ಅಂದೆ. ಮುಂದಿನ ಟ್ರಿಪ್ಪಿಗೆ ಅವನು ಸಿಗರೇಟ್ ಪ್ಯಾಕಿನ ಹಿಂದೆ ಬರೆಸಿಕೊಂಡು ಬಂದ.

"ಮೂರು ಥರ ಅದಾವ ನೋಡ್ರಿ ಭಾಯ್. ಒಂದು ಸಣ್ಣದು, ಕಿಸೆದಾಗ ಹಿಡಿತೈತಿ, ಅಗದಿ ಸಸ್ತಾ, ಬೆಳಕು ಮಿಣುಕ್ ಮಿಣುಕ್. ಒಂದು ಭಾರಿ ದೊಡ್ಡದು, ಅದರ ರೇಟು ಕೇಳಬ್ಯಾಡ್ರಿ. ನಡುವಿಂದು ಒಂದೈತಿ, ನಾಕು ದೊಡ್ಡ ಸೆಲ್ಲು, ಕೈಗೆ ಪಟ್ಟಿ. ಗಾಜು ಸ್ವಲ್ಪ ಗೀರು ಬಿದ್ದೈತಿ, ಅದಕ್ಕ ಕಡಿಮಿಗೆ ಕೊಡ್ತೀನಿ ಅಂದಾನ."

ಸಣ್ಣದು ಬೇಡ ಅಂದೆ. ಕೊಡುವುದೇ ಆದರೆ ತಳವೆಲ್ಲ ಫಳಫಳ ಕಾಣುವಂಥದ್ದು ಕೊಡಬೇಕೆಂಬ ಹಟ. ಟೇಪ್ ರೆಕಾರ್ಡರ್ ಕೊಳ್ಳಲು ಎತ್ತಿಟ್ಟಿದ್ದ ದುಡ್ಡು ಖಾಜಾಸಾಬನ ಕೈಗೆ ಹಾಕಿ, ನಡುವಿನದೇ ಇರಲಿ ಅಂದೆ. ನಮ್ಮೂರ ಕಡೆ ಯಾರೂ ಕಂಡಿರದ ವಸ್ತುವನ್ನು ಆರಿಸಿ ಆರಿಸಿ ತೆಗೆದುಕೊಂಡ ಹೆಮ್ಮೆ ಬೇರೆ!

ಶ್ರಾವಣದಲ್ಲಿ ಹೊಳೆ ಮತ್ತೆ ಏರಿತು. ಒಂದು ಬೆಳಿಗ್ಗೆ ಪಂಪು ಗಾಳಿ ಎಳೆಯಲು ಶುರುಮಾಡಿತು. ಕೊಳವೆ ಪೂರ್ತಿ ಕಟ್ಟಿತ್ತು. ಏಳು ಹಳ್ಳಿಯ ಹೆಂಗಸರು ಕೊಡ ಹೊತ್ತು ಹಳೇ ಬಾವಿಗಳ ಕಡೆ ನಡೆದರು. ದುರುಗಣ್ಣ ಅವತ್ತೇ ಚೀಲ, ಹಗ್ಗ ತೆಗೆದುಕೊಂಡು ಬಂದ. ಅಂಗೈ ಗಾಯ ಮಾಯ್ದಿತ್ತು.

"ಎರಡು ದಿನ ತಡಿಯಣ್ಣ," ಅಂದೆ. "ಖಾಜಾಸಾಬ ಬರ್ತಾನ. ಬ್ಯಾಟ್ರಿ ತರ್ತಾನ."

"ಯಾಕ ತಡೀಬೇಕು? ಒಂದ ತಾಸಿನ ಕೆಲಸ."

"ನನ್ನ ಸಲುವಾಗಿ ತಡಿ."

ಅವನು ನನ್ನ ಮುಖ ನೋಡಿ, ಆಗಲಿ ಬಿಡು ಎಂದು ಹಗ್ಗ ಸುತ್ತಿಟ್ಟ. ಎರಡು ದಿನ ಅಂದದ್ದು ಆರು ದಿನವಾಯಿತು. ಇಂಜಿನಿಯರ್ ಸಾಹೇಬರು ಜೀಪಿನಲ್ಲಿ ಬಂದು ನನ್ನನ್ನು ಬಾಯಿಗೆ ಬಂದಂತೆ ಬೈದರು. ನಾನು ತಲೆ ತಗ್ಗಿಸಿ ನಿಂತೆನೇ ಹೊರತು ದುರುಗಣ್ಣನನ್ನು ಇಳಿಸಲಿಲ್ಲ. ಸುಮ್ಮನೆ ಕೂರಲಾರದೆ ಇನ್ನೊಂದು ಜಾಣತನ ಮಾಡಿದೆ. ನೀರು ಶುದ್ಧ ಮಾಡಲು ಇಟ್ಟಿದ್ದ ಪಟಿಕದ ಗಟ್ಟಿಗಳನ್ನು ಗೋಣಿಯಲ್ಲಿ ಕಟ್ಟಿ ಬಾವಿಯೊಳಗೆ ಇಳಿಬಿಟ್ಟು ಕಲಕಿದೆ. ಕಸದ ಸಂದಿಯಿಂದ ಸೋಸಿಬಂದು ಬಾವಿ ಮತ್ತೆ ಮುಕ್ಕಾಲು ತುಂಬಿತ್ತು; ಪಂಪು ನಿಂತದ್ದರಿಂದ ನೀರು ಅಲುಗಾಡುತ್ತಿರಲಿಲ್ಲ. ಮಣ್ಣೆಲ್ಲ ತಳಕ್ಕೆ ಕೂತು, ಮೂರೇ ದಿನಕ್ಕೆ ನೀರು ಗಾಜಿನಂತೆ ತಿಳಿಯಾಯಿತು. ಆ ಬಾವಿಯ ನೀರು ಅಷ್ಟು ತಿಳಿಯಾಗಿದ್ದನ್ನು ಅದಕ್ಕೂ ಮೊದಲು ಯಾರೂ ಕಂಡಿರಲಿಲ್ಲ.

ಏಳನೆಯ ದಿನ ಬ್ಯಾಟರಿ ಬಂತು. ಕಿತ್ತಳೆ ಬಣ್ಣ, ಕೈಗೆ ಹಿಡಿದರೆ ಒಳ್ಳೆ ತೂಕ. ರಬ್ಬರ್ ಉಂಗುರಕ್ಕೆ ಗ್ರೀಸ್ ಹಚ್ಚಿ, ಹೊಸ ಸೆಲ್ಲು ಹಾಕಿ, ಮುಚ್ಚಳ ತಿರುಗಿಸಿ, ನಾನೇ ದುರುಗಣ್ಣನ ಮುಂಗೈಗೆ ಪಟ್ಟಿ ಕಟ್ಟಿದೆ. ಕಿಂಡಿಯ ಸುತ್ತ ಊರವರು ಹತ್ತಿಪ್ಪತ್ತು ಜನ ಸೇರಿದ್ದರು. ಫ್ಯೂಜು ಕಿತ್ತು ಹಾಲಪ್ಪನಿಗೆ ಕೊಟ್ಟೆ. ಗಂಗವ್ವ ಗೋಡೆಗೊರಗಿ ನಿಂತಿದ್ದಳು.

"ಈ ಸಲ ಕಣ್ಣು ತೆರೆದು ಹೋಗಣ್ಣ," ಅಂದೆ. "ನೀರು ತಿಳಿ ಐತಿ. ಎಲ್ಲಾ ಕಾಣತೈತಿ."

"ನೋಡೂಣು," ಎಂದು ಅವನು ಮೆಟ್ಟಿಲಿಳಿದು ಮುಳುಗಿದ.

ಮೇಲಿನಿಂದ ನೋಡಿದರೆ ಏನು ಚೆಂದವಿತ್ತು ಅಂತೀರಿ! ಕಪ್ಪು ನೀರೊಳಗೆ ಹಸಿರು ಬೆಳಕಿನ ಒಂದು ಗುಂಡು ಕೆಳಕೆಳಗೆ ಇಳಿಯುತ್ತ ಹೋಯಿತು. ಜನ "ಹೋ" ಅಂದರು. ನನಗೆ ಎದೆ ಉಬ್ಬಿತು. ಬೆಳಕು ತಳ ಮುಟ್ಟಿತು, ಎಡಕ್ಕೆ ತಿರುಗಿತು, ಮೇಲಕ್ಕೆ ತಿರುಗಿತು, ಆಮೇಲೆ ಒಂದೇ ಕಡೆ ನಿಂತಿತು. ಅರ್ಧ ನಿಮಿಷವೂ ಆಗಿರಲಿಲ್ಲ. ಹಗ್ಗ ಮೂರು ಸಲ ಜಗ್ಗಿತು. ಎಳೆಯಿರಿ ಎಂಬ ಸನ್ನೆ ಅದು, ಇಷ್ಟು ವರ್ಷದಲ್ಲಿ ದುರುಗಣ್ಣ ಒಮ್ಮೆಯೂ ಕೊಟ್ಟಿರದ ಸನ್ನೆ. ಹಾಲಪ್ಪ ಗಾಬರಿಯಾಗಿ ಸರಸರ ಎಳೆದ.

ಮೇಲೆ ಬಂದವನ ಚೀಲ ಖಾಲಿಯಿತ್ತು. ಎಡಗೈ ಮುಷ್ಟಿಯಲ್ಲಿ ಏನೋ ಹಿಡಿದಿದ್ದ. ಬಿಡಿಸಿ ನೋಡಿದರೆ ಖಾಕಿ ಬಟ್ಟೆಯ ಚೂರು.

"ಇದು ನಂದು," ಅಂದ. "ಹ್ವಾದ ವರ್ಷ ಹರಿದಿದ್ದ ಚಡ್ಡಿ. ಮೀನು ಕಡಿತು ಅಂದುಕೊಂಡಿದ್ದೆ."

ಆಮೇಲೆ ಒಂದೊಂದೇ ಹೇಳಿದ. ಅವನು ಬೇರು ಅಂದುಕೊಂಡಿದ್ದು ಬೇರಲ್ಲ. ಗೋಡೆಯ ಕಾಂಕ್ರೀಟ್ ಉದುರಿ, ಒಳಗಿನ ಕಬ್ಬಿಣದ ಸಲಾಕೆಗಳು ಮೊಳದುದ್ದ ಹೊರಗೆ ಬಾಗಿ ನಿಂತಿದ್ದವು, ತುದಿ ಚೂಪಾಗಿ. ಅಷ್ಟು ವರ್ಷ ಅವನು ಬೆನ್ನು ಕೊಟ್ಟು ಕೆಲಸ ಮಾಡುತ್ತಿದ್ದದ್ದು ಅವುಗಳ ನಡುವೆ. ಬಟ್ಟೆಯ ಚೂರು ಸಿಕ್ಕಿಕೊಂಡಿದ್ದು ಅಂಥದೊಂದು ತುದಿಗೆ. ಇನ್ನು ತಲೆ ಮೇಲಿನ ಅಟ್ಟಣಿಗೆ ಎಂಬುದು ಗೋಡೆಯಿಂದ ಒಡೆದು ಬಿಟ್ಟುಕೊಂಡ ಕಾಂಕ್ರೀಟ್ ಚಪ್ಪಡಿ. ಒಂದು ಮಂಚದಷ್ಟು ಅಗಲ, ಎರಡೇ ಸಲಾಕೆಯ ಮೇಲೆ ಜೋತಾಡುತ್ತಿದೆ. ಪ್ರತಿ ಸಲ ಮೇಲೇಳುವಾಗ ಅವನು ಒದ್ದು ಬರುತ್ತಿದ್ದದ್ದು ಅದನ್ನೇ.

"ಸಾವಿರ ಸಲ ಒದ್ದೀನೋ ತಮ್ಮಾ," ಅಂದ.

ಜನರಿಗೆ ಇದು ಅರ್ಥವಾಗಲಿಲ್ಲ. ನೋಡಿದ್ದೀಯಲ್ಲ, ಈಗ ದಾರಿ ಗೊತ್ತಾಯಿತಲ್ಲ, ಇಳಿ ಮತ್ತೆ ಅಂದರು. ಅವನೂ ಇಳಿದ. ಸೊಂಟದವರೆಗೆ ನೀರಿಗೆ ಹೋಗಿ ಮೆಟ್ಟಿಲಿನ ಕಂಬಿ ಹಿಡಿದು ನಿಂತ. ಎದೆ ತುಂಬ ಉಸಿರು ಎಳೆದುಕೊಂಡ, ಬಿಟ್ಟ. ಮತ್ತೆ ಎಳೆದುಕೊಂಡ, ಬಿಟ್ಟ. ಬೆರಳುಗಳು ಕಂಬಿ ಬಿಡಲಿಲ್ಲ.

"ಬ್ಯಾಟ್ರಿ ಬಿಚ್ಚೋ," ಎಂದು ಕೂಗಿದ. "ಮೊದ್ಲಿನಂಗ ಕತ್ತಲ್ಯಾಗ ಹೋಗ್ತೀನಿ." ಮೆಟ್ಟಿಲ ಮೇಲೆ ಬಗ್ಗಿ ನಾನೇ ಬಿಚ್ಚಿಕೊಂಡೆ. ಅವನು ಕಣ್ಣು ಗಟ್ಟಿಯಾಗಿ ಮುಚ್ಚಿದ. ಆಗಲೂ ಕೈ ಬಿಡಲಿಲ್ಲ. ಯಾರೋ ಹಿಂದಿನಿಂದ ಕಿಸಕ್ಕೆಂದು ನಕ್ಕರು.

ಗಂಗವ್ವ ಗೋಡೆ ಬಿಟ್ಟು ಬಂದು ನನ್ನೆದುರು ನಿಂತಳು. ದನಿ ಏರಿಸಲಿಲ್ಲ.

"ಕತ್ತಲ್ಯಾಗ ಇಷ್ಟು ವರ್ಷ ಹೋಗಿ ಬಂದಾನ. ನಿನ್ನ ಬೆಳಕು ಯಾರು ಕೇಳಿದ್ರೋ ಯಪ್ಪಾ?"

ಚಪ್ಪಡಿ ಬಿದ್ದಿದ್ದರೆ ಗತಿಯೇನು ಅತ್ತಿಗೆ ಎಂದು ಬಾಯಿಯವರೆಗೆ ಬಂತು. ಅದು ನಿಜವೂ ಆಗಿತ್ತು. ಆದರೆ ಕೆಳಗೆ ಸೊಂಟಮಟ್ಟದ ನೀರಿನಲ್ಲಿ ಕಂಬಿ ತಬ್ಬಿಕೊಂಡು ನಿಂತಿದ್ದವನ ಮುಖ ಕಾಣುತ್ತಿತ್ತು. ನಾನು ದಿನಾ ಕನ್ನಡಿಯಲ್ಲಿ ನೋಡುವ ಅಂಜುಬುರುಕನ ಮುಖವೇ ಅದು. ನನ್ನ ಅಂಜಿಕೆ ಅವನಲ್ಲೂ ಇದೆ ಅಂದುಕೊಂಡಿದ್ದೆ, ಇರಲಿಲ್ಲ. ನಾನೇ ಹೊತ್ತುಕೊಂಡು ಹೋಗಿ ಕೊಟ್ಟೆ.

ಕೊನೆಗೆ ಹಾಲಪ್ಪ ಅಂಗಿ ತೆಗೆದ. "ನಾ ಇಳಿತೀನಿ. ಕಾಣತೈತಲ್ಲ, ಸಲಾಕಿ ಬಿಟ್ಟು ಬಲಕ್ಕ ಹೋದ್ರಾತು," ಅಂದ. ಅವನ ಹೆಂಡತಿಯ ತಮ್ಮ ಬೇರೆ ಊರಿನಲ್ಲಿದ್ದ, ಅದಕ್ಕೆ ಹಗ್ಗ ದುರುಗಣ್ಣ ಹಿಡಿದ. ಬ್ಯಾಟರಿಯನ್ನು ಹಾಲಪ್ಪನ ಮುಂಗೈಗೆ ಕಟ್ಟಿದೆ, ಬೆಳಕು ಕೆಳಗೆ ಹೋಯಿತು. ಹತ್ತು ಎಣಿಸುವಷ್ಟರಲ್ಲಿ ದುರುಗಣ್ಣ ಹಗ್ಗ ಎಳೆಯತೊಡಗಿದ. ಹಾಲಪ್ಪ ಮೇಲೆ ಬಂದು, ಸನ್ನೆ ಕೊಟ್ಟಿಲ್ಲ ಯಾಕೆ ಎಳೆದೆ ಎಂದು ಕೇಳಿದ. ಮತ್ತೆ ಇಳಿದ, ಮತ್ತೆ ಇವನು ಎಳೆದ. ಮೂರನೆಯ ಸಲ ಹಾಲಪ್ಪನಿಗೆ ರೇಗಿತು.

"ಮಾವಾ, ಇಲ್ಲಾ ಹಗ್ಗ ಬಿಡು, ಇಲ್ಲಾ ನೀನ ಇಳಿ."

ದುರುಗಣ್ಣ ಹಗ್ಗವನ್ನು ಮುಂಗೈಗೆ ಇನ್ನೊಂದು ಸುತ್ತು ಸುತ್ತಿಕೊಂಡ. ಗಂಗವ್ವ ಅವನ ಕೈಯಿಂದ ಮೆಲ್ಲಗೆ ಹಗ್ಗ ಬಿಡಿಸಿಕೊಂಡಳು. ಫ್ಯೂಜಿನ ಗಂಟನ್ನು ಸೆರಗಿಗೆ ಕಟ್ಟಿಕೊಂಡು ಕಿಂಡಿಯ ಅಂಚಿಗೆ ಕೂತು ತಮ್ಮನನ್ನು ಇಳಿಬಿಟ್ಟಳು. ಹೆಚ್ಚೆಂದರೆ ಒಂದು ತಾಸು. ಚೀಲ ಚೀಲ ಹುಲ್ಲು, ರವದಿ ಮೇಲೆ ಬಂತು, ಹೊಳೆ ನೀರು ಬಾವಿಗೆ ಗುಳುಗುಳು ನುಗ್ಗಿತು. ಸಂಜೆಯೊಳಗೆ ಏಳೂ ಹಳ್ಳಿಯ ನಲ್ಲಿಯಲ್ಲಿ ನೀರು ಬಂತು. ಇಂಜಿನಿಯರ್ ಸಾಹೇಬರು ಮತ್ತೆ ಬಂದು ಬ್ಯಾಟರಿ ಹಿಡಿದು ನೋಡಿ, ನನ್ನ ಬೆನ್ನು ತಟ್ಟಿ, "ಶಹಬ್ಬಾಸ್," ಅಂದರು. ನಮ್ಮಣ್ಣ ಬೀಗರ ಮುಂದೆ ಹೇಳುವ ಕಥೆ ಇಲ್ಲಿಗೆ ಮುಗಿಯುತ್ತದೆ.

ಆ ಮಳೆಗಾಲ ಇನ್ನೂ ಮೂರು ಸಲ ಕಸ ಕಟ್ಟಿತು. ಮೂರೂ ಸಲ ಇಳಿದದ್ದು ಹಾಲಪ್ಪ. ಅವನು ಹೆಂಡತಿಯ ತಮ್ಮನನ್ನು ಕರೆಸಿ ಮನೆಯಲ್ಲೇ ಇಟ್ಟುಕೊಂಡ. ರೂಢಿಯ ಪ್ರಕಾರ ಹಗ್ಗ ಆ ಹುಡುಗನ ಕೈಗೆ ಹೋಯಿತು. ಯಾರೂ ದುರುಗಣ್ಣನನ್ನು ಬೇಡ ಅನ್ನಲಿಲ್ಲ, ಬಾ ಅಂತಲೂ ಕರೆಯಲಿಲ್ಲ. ಅವನು ದೂರದಲ್ಲಿ ಹುಣಸೆ ಮರದ ಬುಡಕ್ಕೆ ಕೂತು ಬೀಡಿ ಸೇದುತ್ತಿರುತ್ತಿದ್ದ. ಮೊದಮೊದಲು ಬಲೆ ಬೀಸಲು ಹೋಗುತ್ತಿದ್ದ, ಆಮೇಲೆ ಅದನ್ನೂ ಬಿಟ್ಟ. ದೀಪಾವಳಿ ಹೊತ್ತಿಗೆ ಹೊಳೆ ಇಳಿದಾಗ ಕಂತ್ರಾಟುದಾರನ ಕಡೆಯವರು ಬಂದು ಸಲಾಕೆ ಕತ್ತರಿಸಿ, ಚಪ್ಪಡಿ ಕಿತ್ತರು. ಒಂದು ಕಡೆ ಎತ್ತಿ ಸರಪಳಿ ಹಾಕುವಷ್ಟರಲ್ಲಿ ಅದು ತಾನೇ ಕಳಚಿ ಬಿತ್ತಂತೆ. ನೋಡಿದಿರಾ, ಬ್ಯಾಟರಿ ಬಂದದ್ದು ಎಷ್ಟು ಒಳ್ಳೆಯದಾಯಿತು ಎಂದು ಎಲ್ಲರೂ ನನಗೆ ಹೇಳಿದರು. ಹೌದು ಹೌದು ಅಂದೆ. ಹೌದು ಅಂದೂ ಅಂದೂ ಸುಸ್ತಾಗಿದ್ದೆ.

ನಾನೇ ಕೇಳಿಕೊಂಡು ಹರಪನಹಳ್ಳಿ ಕಡೆಯ ಬೋರ್‌ವೆಲ್ ಪಂಪುಗಳ ಕೆಲಸಕ್ಕೆ ಹಾಕಿಸಿಕೊಂಡೆ. ಹಾಲಪ್ಪ ಬ್ಯಾಟರಿ ವಾಪಸು ಕೊಡಲು ಬಂದ. ತನಗೆ ದಾರಿ ರೂಢಿಯಾಯಿತು, ಇನ್ನು ಬೇಡ ಅಂದ. ಚೀಲದಲ್ಲಿ ಹಾಕಿಕೊಂಡು, ಹೊರಡುವ ದಿನ ಬೆಳಿಗ್ಗೆ ಹೇಳಿಹೋಗಲು ದುರುಗಣ್ಣನ ಮನೆಗೆ ಹೋದೆ.

ಅವನು ಮನೆ ಮುಂದಿನ ಬೀದಿ ನಲ್ಲಿಯ ಹತ್ತಿರ ಕಲ್ಲಿನ ಮೇಲೆ ಕೂತು ಸ್ನಾನ ಮಾಡುತ್ತಿದ್ದ. ಪಕ್ಕದಲ್ಲಿ ಬಕೆಟ್ಟು, ಕೈಯಲ್ಲಿ ಚೊಂಬು. ಮನೆಯ ಹಿಂದೆ ಇನ್ನೂರು ಹೆಜ್ಜೆಗೆ ಹೊಳೆ ಹರಿಯುತ್ತಿತ್ತು. ಹುಟ್ಟಿದಾಗಿನಿಂದ ಅದರಲ್ಲೇ ಮಿಂದವನು ಅವನು.

"ಹೊಂಟ್ಯಾ ತಮ್ಮಾ?"

"ಹೊಂಟೆ ಅಣ್ಣ." ಆಮೇಲೆ ತಡೆಯಲಾಗಲಿಲ್ಲ. "ನನ್ನಿಂದ ತಪ್ಪಾತು. ನಿನ್ನ ಕೇಳಬೇಕಿತ್ತು."

"ಏನು ತಪ್ಪೋ. ಆ ಚಪ್ಪಡಿ ಇವತ್ತಲ್ಲ ನಾಳಿ ನನ್ನ ಮ್ಯಾಲ ಬೀಳತಿತ್ತು. ನೀ ಜೀವ ಉಳಿಸಿದಿ. ನಮ್ಮಾಕಿಗೂ ಹಂಗ ಹೇಳೀನಿ." ಅರ್ಧ ಚೊಂಬು ನೀರು ತೊಡೆಯ ಮೇಲೆ ಹುಷಾರಾಗಿ ಹಾಕಿಕೊಂಡ. ತಲೆಗೆ ಹಾಕಿಕೊಳ್ಳಲಿಲ್ಲ. "ಒಂದು ಮಾತು ಕೇಳ್ಲಾ? ನಿನಗ ಸಣ್ಣಾಂವ ಇದ್ದಾಗಿಂದ ನೀರಿನ ಅಂಜಿಕಿ ಐತಿ, ಹೌದಲ್ಲೋ?"

"ಹೌದು."

"ನನಗ ಈಗ ಬಂದೈತಿ, ಇಷ್ಟು ವಯಸ್ಸಾದ ಮ್ಯಾಲ. ನನಗ ರೂಢಿ ಇಲ್ಲೋ ತಮ್ಮಾ. ಇದನ್ನ ಇಟಗೊಂಡು ಹೆಂಗ ಬದುಕೋದು, ಅಷ್ಟು ಹೇಳಿ ಹೋಗು."

ಊರ ಅಗಸಿ ಬಾಗಿಲಲ್ಲಿ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಚೀಲ ಕೆಳಗಿಟ್ಟೆ. ಅವನ ಕೈಯಿಂದ ಚೊಂಬು ಇಸಿದುಕೊಂಡು, ಬಕೆಟ್ಟಿನಲ್ಲಿ ಅದ್ದಿ, ಬೆನ್ನಿಗೆ ನೀರು ಹಾಕಿದೆ. ಅಷ್ಟಕ್ಕೇ ಅವನು ಬೆಚ್ಚಿ ನನ್ನ ಮುಂಗೈ ಹಿಡಿದುಕೊಂಡ.

"ನಿಧಾನ ಹಾಕೋ," ಅಂದ.